ಮೂಕಚಿತ್ರವೂ ಚೋಮನ ದುಡಿಯೂ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಭಾಗಿಸಿದ ನಮ್ಮ ಲಾಕ್ಷಣಿಕರು, ಕಣ್ಣಿಗೆ ಮಾತ್ರ ವಿಷಯವಾಗಿ ಕಿವಿಗೆ ಏನನ್ನೂ ಕೊಡದ ಕಾವ್ಯವೊಂದು ಇರಬಹುದೆಂದು ಭಾವಿಸಿದಂತೆ ತೋರುವುದಿಲ್ಲ. ನಾಟ್ಯೋತ್ಪತ್ತಿಯ ಪ್ರಸಂಗದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡಿದುದು ನೋಡತಕ್ಕುದೂ ಕೇಳತಕ್ಕುದೂ ಒಂದೇ ಆದ ಆಟವನ್ನು. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ಹೇಳಿ, ಅವುಗಳಲ್ಲಿ ವಾಕ್ಕನ್ನು ನಾಟ್ಯದ ಶರೀರವೆಂದೇ ಎಣಿಸಿದನು. ಆ ಶರೀರವನ್ನೇ ಕಳೆದು, ಉಳಿದ ಮೂರನ್ನು ಬೆಳಕಿನ ಪರದೆಯ ಮೇಲೆ ಓಡಿಸಿದ ಮೂಕಚಿತ್ರವು ಭರತಖಂಡದಲ್ಲಿ 1913ರ ‘ರಾಜಾ ಹರಿಶ್ಚಂದ್ರ’ದಿಂದ ಮೊದಲ್ಗೊಂಡು ಇಪ್ಪತ್ತು ವರ್ಷಗಳ ಕಾಲ ಬಾಳಿ ಅಳಿದುಹೋಯಿತು. ಅದರ ಅಲ್ಪಾಯುಸ್ಸನ್ನು ನೋಡಿ ಸಾಹಿತ್ಯವಿಮರ್ಶಕರು ಅದನ್ನು ತಮ್ಮ ವಿಚಾರಕ್ಕೆ ಹೊರಗಿನ ವಸ್ತುವೆಂದು ಬಿಟ್ಟಿರುವರು. ಕನ್ನಡದ ಮಟ್ಟಿಗಾದರೂ ಹಾಗೆ ಬಿಡಲು ಬರುವುದಿಲ್ಲ. ಏಕೆಂದರೆ ಈ ಭಾಷೆಯ ಅತ್ಯಂತ ಗಣ್ಯರಾದ ಕಾದಂಬರೀಕಾರರಲ್ಲೊಬ್ಬರು ತಮ್ಮ ಮೊದಲ ಪ್ರೌಢ ಕಾದಂಬರಿಗೆ ಬರುವ ಮುನ್ನ ಎರಡು ಮೂಕಚಿತ್ರಗಳನ್ನು ನಿರ್ಮಿಸಿದ್ದರು. ಶಿವರಾಮ ಕಾರಂತರ ‘ಡೊಮಿಂಗೊ’ 1930ರದು, ‘ಭೂತರಾಜ್ಯ’ 1931ರದು, ‘ಚೋಮನ ದುಡಿ’ 1933ರದು. ಈ ಮೂರು ಇಸವಿಗಳ ಸಾಮೀಪ್ಯವು ಆಕಸ್ಮಿಕವೋ ಸಕಾರಣವೋ ಎಂಬುದು ವಿಚಾರಾರ್ಹವಾದ ವಿಷಯ.

ಪರದೆಯ ಮೇಲಿನ ಚಲಿಸುವ ಆಕೃತಿಯೆಂಬುದು ಕನ್ನಡ ನಾಡಿನ ಹಳ್ಳಿಗರಿಗೆ ಹೊಸತಾಗಿರಲಿಲ್ಲ. ತುಂಗಭದ್ರೆಯ ದಕ್ಷಿಣಕ್ಕಿರುವ ಹೊಳಲು, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆಯಲ್ಲಿ ತೊಗಲುಗೊಂಬೆಯಾಟವನ್ನು ಕಂಡವರು ಇದನ್ನು ಬಲ್ಲರು. ಬಣ್ಣವಿಟ್ಟ ಚರ್ಮದ ರಾವಣನು ದೀಪಕ್ಕೂ ಬಿಳಿಯ ಬಟ್ಟೆಗೂ ನಡುವೆ ನಿಂತು ಕೈಯೆತ್ತುವನು. ಆದರೆ ಅವನಿಗೆ ಪ್ರಾಣವನ್ನು ತುಂಬತಕ್ಕುದು ದೀಪವಲ್ಲ, ಬಟ್ಟೆಯ ಹಿಂದೆ ಕುಳಿತು ಹಾಡಿ ಮಾತನಾಡುವ ಸೂತ್ರಧಾರನ ಕಂಠ. ಆತನು ಗುಟುಕು ನೀರಿಗೆಂದು ನಿಲ್ಲಿಸಿದೊಡನೆ ಲಂಕಾಧಿಪತಿಯು ಮರಳಿ ಮೇಕೆಯ ತೊಗಲಾಗುವನು. ಅದೇ ಸೀಮೆಯ ದೊಡ್ಡಾಟದಲ್ಲಿಯೂ ವೇಷವು ರಂಗಕ್ಕೆ ಬರುವ ಮೊದಲು ಮದ್ದಳೆಯು ಬರುವುದು. ನಮ್ಮ ಪ್ರೇಕ್ಷಕನ ಸಂಸ್ಕಾರವು ಕಿವಿಯಿಂದ ಕಣ್ಣಿಗೆ ಬಂದುದು. ಮೂಕಚಿತ್ರವು ಅವನಿಂದ ಇದಕ್ಕೆ ವಿರುದ್ಧವಾದುದನ್ನು ಬೇಡಿತು.

ಆ ಬೇಡಿಕೆ ಎಷ್ಟು ವಿಚಿತ್ರವಾಗಿತ್ತೆಂಬುದಕ್ಕೆ 1931ರ ‘ವಸಂತಸೇನಾ’ ಒಂದು ನಿದರ್ಶನ. ಮೋಹನ ಭವನಾನಿಯವರು ಶೂದ್ರಕನ ಮೃಚ್ಛಕಟಿಕವನ್ನು ಮೂಕಚಿತ್ರವಾಗಿ ತೆಗೆದರು. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ. ಪಿ. ಕೈಲಾಸಂ ಮೊದಲಾದವರು ಅದರಲ್ಲಿ ಅಭಿನಯಿಸಿದರು. ಮೃಚ್ಛಕಟಿಕವನ್ನು ಪಾಠ ಹೇಳಿದ ಯಾರಿಗಾದರೂ ಮೊದಲು ತೋರುವ ತೊಡಕು ಶಕಾರನದು. ಸಕಾರವಿರಬೇಕಾದೆಡೆಗಳಲ್ಲೆಲ್ಲ ಶಕಾರವನ್ನು ಉಚ್ಚರಿಸುವುದರಿಂದಲೇ ಆ ರಾಜಶ್ಯಾಲನಿಗೆ ಆ ಹೆಸರು. ಅವನ ದರ್ಪವೂ ಮೌಢ್ಯವೂ ಹಾಸ್ಯವೂ ನಾಲಗೆಯ ತುದಿಯಲ್ಲಿವೆ. ನಾಲಗೆಯಿಲ್ಲದ ಶಕಾರನು ಯಾವನೋ ಒಬ್ಬ ಕಾಮುಕ ಶ್ರೀಮಂತನು, ಅಷ್ಟೆ. ಇನ್ನು ಕೈಲಾಸಂ! ಮನೆಯೊಳಗಿನ ಕನ್ನಡವೂ ಕಚೇರಿಯ ಇಂಗ್ಲಿಷೂ ಕಲಸಿದ ಸಂಭಾಷಣೆಯಿಂದ ಕನ್ನಡ ರಂಗಭೂಮಿಯನ್ನೇ ಬೇರೆ ಮಾಡಿದ ಆ ವಾಗ್ಮಿಯು ತುಟಿಯಾಡಿಸಿ ಶಬ್ದವಿಲ್ಲದೆ ಪರದೆಯ ಮೇಲೆ ನಿಂತುದನ್ನು ಕಲ್ಪಿಸಿಕೊಂಡರೆ ನಗುವೂ ಬರುವುದು, ಮರುಕವೂ ಬರುವುದು. ಕೈಲಾಸಂ ಆ ಅನುಭವದಿಂದ ಏನನ್ನೂ ಪಡೆದಂತೆ ಅವರ ನಾಟಕಗಳು ಸಾಕ್ಷಿ ನುಡಿಯುವುದಿಲ್ಲ. ಅವರ ಕಲೆಯು ಮೊದಲು ಎಲ್ಲಿತ್ತೋ ಬಳಿಕವೂ ಅಲ್ಲಿಯೇ ಇದ್ದಿತು.

ಮೂಕಚಿತ್ರದಿಂದ ಕಾದಂಬರಿಗೆ ಬಂದವರು ಪರದೇಶಗಳಲ್ಲಿಯೂ ಉಂಟು. ಫ್ರಾನ್ಸಿನ ಮ್ಯೂಸಿಡೋರಾ (1889–1957) ಎಂಬ ನಟಿಯು ಲೂಯಿ ಫೊಯಾಡನ ‘ಲೇ ವಾಂಪಿರ್’ (1915–16) ಎಂಬ ಸರಣಿಚಿತ್ರದಲ್ಲಿ ಕಪ್ಪು ಬಿಗಿಯುಡುಪಿನ ಕಳ್ಳಿಯಾಗಿ ಪ್ರಖ್ಯಾತಳಾದಳು. ತಾನೇ ಕೆಲವು ಚಿತ್ರಗಳನ್ನೂ ನಿರ್ದೇಶಿಸಿದಳು. 1928ರಲ್ಲಿ ‘ಅರಾಬೆಲ್ಲ ಎ ಆರ್ಲೆಕ್ಯಾಂ’ ಎಂಬ ಕಾದಂಬರಿಯನ್ನೂ 1934ರಲ್ಲಿ ‘ಪಾರೊಕ್ಸಿಸ್ಮ್’ ಎಂಬುದನ್ನೂ ಬರೆದಳು. ಆಕೆಯ ರಂಗನಾಮವೇ ಗೋತಿಯೆಯ ಒಂದು ಕಥಾಗ್ರಂಥದಿಂದ ಎತ್ತಿಕೊಂಡುದು. ಆದುದರಿಂದ ಸಾಹಿತ್ಯವು ಆಕೆಗೆ ಪರಕೀಯವಾಗಿರಲಿಲ್ಲ. ಆದರೂ ಇಂದು ಮ್ಯೂಸಿಡೋರಾ ಎಂದರೆ ಜನರಿಗೆ ನೆನಪಾಗುವುದು ಪರದೆಯ ಮುಖವೇ ಹೊರತು ಆಕೆಯ ಪುಸ್ತಕಗಳಲ್ಲ. ಕಾರಂತರಲ್ಲಿ ಇದು ತಲೆಕೆಳಗಾಗಿದೆ. ಅವರ ಮೂಕಚಿತ್ರಗಳ ಹೆಸರನ್ನು ಮಾತ್ರ ಜನರು ಬಲ್ಲರು, ಕಾದಂಬರಿಗಳನ್ನು ಮೂರು ತಲೆಮಾರು ಓದಿದೆ. ಸೋತ ಶಿಲ್ಪವು ಗೆದ್ದ ಶಿಲ್ಪಕ್ಕೆ ಏನನ್ನು ಕೊಟ್ಟಿತೆಂಬ ಪ್ರಶ್ನೆಯು ಇಂತಹ ಸ್ಥಿತಿಯಲ್ಲಿಯೇ ಸಾರ್ಥಕವಾಗತಕ್ಕುದು.

ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು, ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು, ‘ವಸಂತ’ವೆಂಬ ಪತ್ರಿಕೆಯನ್ನು ನಡೆಸಿದರು, ನಾಟಕವಾಡಿಸಿದರು, ತಾವೂ ರಂಗದ ಮೇಲೆ ಕುಣಿದರು. ‘ವಿಚಿತ್ರಕೂಟ’, ‘ನಿರ್ಭಾಗ್ಯ ಜನ್ಮ’ ಮೊದಲಾದ ಕಥೆಗಳು ‘ವಸಂತ’ದ ಕಾಲದವು, ಆದುದರಿಂದ ಚಿತ್ರಕ್ಕೆ ಮೊದಲು ಅವರು ಲೇಖನಿಯನ್ನೇ ಹಿಡಿದಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಆ ಮೊದಲ ಬರೆವಣಿಗೆಗಳು ಸಮಾಜಸುಧಾರಣೆಯ ಆವೇಶದ ಕೃತಿಗಳು. ಅವುಗಳಲ್ಲಿ ಪಾತ್ರಕ್ಕಿಂತ ಪಕ್ಷವು ಎದ್ದು ಕಾಣುವುದು. ಅವಕ್ಕೂ ‘ಚೋಮನ ದುಡಿ’ಗೂ ನಡುವೆ ಇರುವ ಅಂತರವು ಅಭ್ಯಾಸದಿಂದ ಮಾತ್ರ ತುಂಬುವಂತಹುದಲ್ಲ. ಆ ಅಂತರದಲ್ಲಿ ನಿಂತಿರುವುವು ಎರಡು ಮೂಕಚಿತ್ರಗಳು. ಕಾರಂತರು 1948ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟುದು ಈ ವಿಷಯದಲ್ಲಿ ಅನರ್ಥವನ್ನು ತಂದಿತು. ಚಿತ್ರನಿರ್ಮಾಣವು ಹತ್ತರಲ್ಲೊಂದು ಹುಚ್ಚೆಂದು ಎಣಿಸಿ ವಿಮರ್ಶಕರು ಮುಂದೆ ಸಾಗಿದರು. ಗ್ರಂಥಕರ್ತನ ವಿನೋದವನ್ನು ಪ್ರಮಾಣವೆಂದು ಹಿಡಿಯುವುದು ವಿಮರ್ಶೆಗೆ ಸಲ್ಲದು.

ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಕೆಲವರು ಹೇಳುವುದು ಇಷ್ಟು: ಛಾಯಾಯಂತ್ರದ ಅಭ್ಯಾಸದಿಂದ ಕಾರಂತರಿಗೆ ಕಣ್ಣು ಬಂದಿತು, ಅವರ ವರ್ಣನೆಗಳು ಚಿತ್ರದಂತೆ ಕಟ್ಟುವುವು, ಆದುದರಿಂದ ಮೂಕಚಿತ್ರದ ಋಣವು ದೃಷ್ಟಿಯ ಋಣ. ಈ ಮಾತು ಕೇಳಲು ಸುಲಭವಾಗಿದೆ, ಒಪ್ಪಲು ಸುಲಭವಾಗಿಲ್ಲ. ಕಾರಂತರ ಕಣ್ಣು ಯಂತ್ರದಿಂದ ಬಂದುದಲ್ಲ; ಕಡಲಕರೆಯಿಂದ ಘಟ್ಟದವರೆಗೆ ನಡೆದು ನಡೆದು ಬಂದುದು. ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ, ಸರಸೋತಿಯರು ಮಳೆಗಾಲದ ಹೊಳೆಯಲ್ಲಿ ತೇಲಿಬರುವ ಸೌದೆಗಾಗಿ ಪಡುವ ಪಾಡನ್ನು ಓದುವಾಗ, ಒದ್ದೆ ಸೀರೆಯ ಭಾರವೂ ಬೆರಳಿನ ಜೋಮೂ ನೀರಿನ ಸೆಳೆತವೂ ಓದುಗನ ಮೈಗೆ ತಾಗುವುವು. ಇವು ಸ್ಪರ್ಶೇಂದ್ರಿಯದ ವಿಷಯಗಳು. ಮೂಕಚಿತ್ರವಿರಲಿ, ಯಾವ ಚಿತ್ರವೂ ಇವನ್ನು ತೋರಿಸಲಾರದು. ಕಣ್ಣಿನ ಋಣವನ್ನು ಸ್ಥಾಪಿಸಬೇಕೆಂಬವರು ಮೊದಲು ಈ ಪುಟಗಳಿಗೆ ಉತ್ತರ ಹೇಳಬೇಕು.

ಋಣವು ಬೇರೆ ಬಗೆಯದು. ಪರದೆಯು ಏನನ್ನು ಕೊಟ್ಟಿತೋ ಅದಲ್ಲ, ಏನನ್ನು ಕೊಡಲಾರದೆ ಹೋಯಿತೋ ಅದೇ ಕಾದಂಬರೀಕಾರನನ್ನು ರೂಪಿಸಿತು.

ಇದನ್ನು ತಿಳಿಯಲು ಸಾತ್ತ್ವಿಕಭಾವಗಳ ಲೆಕ್ಕವು ಸಾಕು. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟರಲ್ಲಿ, ಕಪ್ಪುಬಿಳುಪಿನ ಮೂಕಚಿತ್ರದಲ್ಲಿ ವೈವರ್ಣ್ಯಕ್ಕೆ ಎಡೆಯೇ ಇಲ್ಲ, ಏಕೆಂದರೆ ವರ್ಣವೇ ಇಲ್ಲ. ಸ್ವರಭೇದಕ್ಕೆ ಎಡೆಯೇ ಇಲ್ಲ, ಏಕೆಂದರೆ ಸ್ವರವೇ ಇಲ್ಲ. ಮುಖವನ್ನು ಹತ್ತಿರದಿಂದ ತೋರಿಸಿ ಕಣ್ಣೀರನ್ನೂ ನಡುಕವನ್ನೂ ಹಿಗ್ಗಿಸಬಹುದು. ಆದರೆ ದುಃಖಿತನ ಗಂಟಲು ಕಟ್ಟುವ ಆ ಒಂದು ಕ್ಷಣವಿದೆಯಷ್ಟೆ, ಅಳುವಿಗಿಂತ ಹೆಚ್ಚು ಹೇಳುವ ಕ್ಷಣ, ಅದು ಅಲ್ಲಿ ಕೇವಲ ತೆರೆದ ಬಾಯಿ. ಶ್ರೀಶಂಕುಕನು ನಟನಲ್ಲಿ ರಾಮತ್ವದ ಪ್ರತೀತಿಗೆ ಚಿತ್ರತುರಗವನ್ನು ದೃಷ್ಟಾಂತವಾಗಿ ಕೊಟ್ಟನು: ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಎನ್ನುವ ಜ್ಞಾನವು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ. ಮೂಕಚಿತ್ರದ ಕುದುರೆಯು ಬರೆದುದಲ್ಲ, ಓಡುತ್ತಲೂ ಇದೆ. ಆದರೆ ಅದರ ಗೊರಸಿನ ಸದ್ದಿಲ್ಲ. ಬರೆದ ಕುದುರೆಯ ಮೌನವನ್ನು ಯಾರೂ ಗಮನಿಸರು. ಓಡುವ ಕುದುರೆಯ ಮೌನವು ಮಾತ್ರ ರಸಕ್ಕೆ ವಿಘ್ನವಾಗುವುದು. ಅನುಕರಣವು ಎಷ್ಟೆಷ್ಟು ಸಮೀಪಕ್ಕೆ ಬರುವುದೋ ಕೊರತೆಯು ಅಷ್ಟಷ್ಟು ಕಿರುಚುವುದು. ಈ ಕೊರತೆಯನ್ನು ಮುಚ್ಚಲೆಂದೇ ಚಿತ್ರಮಂದಿರಗಳಲ್ಲಿ ವಾದ್ಯಗಾರರನ್ನು ಕೂರಿಸುತ್ತಿದ್ದರು, ನಡುನಡುವೆ ಬರೆಹದ ಫಲಕಗಳನ್ನು ತೋರಿಸುತ್ತಿದ್ದರು. ಓದುಬಾರದವರಿಗಾಗಿ ಒಬ್ಬನು ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದುದೂ ಉಂಟು. ತೊಗಲುಗೊಂಬೆಯ ಸೂತ್ರಧಾರನು ಹಿಂಬಾಗಿಲಿನಿಂದ ಮರಳಿ ಬಂದನೆಂದೇ ಹೇಳಬೇಕು.

ಇನ್ನು ಕೃತಿಗಳ ವಿಷಯ. ‘ಡೊಮಿಂಗೊ’ ಚಿತ್ರದ ವಸ್ತು ಅಸ್ಪೃಶ್ಯತೆಯದು. ಶೀರ್ಷಿಕೆಯಾದ ಹೆಸರು ಕ್ರೈಸ್ತರದು, ಪೋರ್ತುಗೀಜರ ಮೂಲಕ ಪಶ್ಚಿಮ ಕರಾವಳಿಗೆ ಬಂದುದು. ‘ಭೂತರಾಜ್ಯ’ವೆಂಬ ಇನ್ನೊಂದು ಶೀರ್ಷಿಕೆಯಲ್ಲಿರುವುದು ತುಳುವ ನಾಡಿನ ಪ್ರತಿಯೊಂದು ಬೈಲಿನಲ್ಲಿಯೂ ಗುಡಿಯುಳ್ಳ ದೈವಗಳ ಹೆಸರು. ಶೀರ್ಷಿಕೆಯೊಂದರಿಂದ ಕಥೆಯನ್ನು ಕಟ್ಟಹೊರಡುವುದು ಸಾಹಸವಾದೀತು. ಆದರೆ ಈ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಚೋಮನ ದುಡಿ’ಯನ್ನು ತೆರೆದರೆ, ಕಾದಂಬರಿಯ ಸಂಧಿಸ್ಥಾನವು ಇವೆರಡರ ಜಗಳವೇ ಆಗಿರುವುದು ಕಾಣುವುದು.

ಕಥೆಯು ಅಧ್ಯಾಪಕರಿಗೆಲ್ಲ ಪರಿಚಿತವಾದುದು. ಭೋಗನಹಳ್ಳಿಯ ಚೋಮನು ಸಂಕಪ್ಪಯ್ಯನ ಮೂಲದಾಳು. ಅಸ್ಪೃಶ್ಯನೆಂಬ ಕಾರಣದಿಂದ ಬೇಸಾಯಕ್ಕೆ ಭೂಮಿಯನ್ನು ಪಡೆಯಲು ಅನರ್ಹನೆನಿಸಿದವನು. ಅವನಿಗೆ ಎತ್ತುಗಳಿವೆ, ಉಳುವ ಆಸೆಯಿದೆ, ಭೂಮಿಯಿಲ್ಲ. ಸಂಕಪ್ಪಯ್ಯನಿಗೆ ಕೊಡುವ ಮನಸ್ಸು ಒಂದಿಷ್ಟು ಇದ್ದರೂ ಮನೆಯ ಹಿರಿಯಳ ಆಚಾರವು ಬಿಡದು. ಸಾಲದ ದೆಸೆಯಿಂದ ಮಕ್ಕಳು ಘಟ್ಟದ ಮೇಲಿನ ಕಾಫಿತೋಟಕ್ಕೆ ಹೋಗುವರು. ಒಬ್ಬನು ಕ್ರೈಸ್ತನಾಗಿ ಅಲ್ಲಿಯೇ ನಿಲ್ಲುವನು. ಕಾಯಿಲೆಯು ಮನೆಯನ್ನು ಬರಿದುಮಾಡುವುದು. ಮಗಳು ಬೆಳ್ಳಿಯು ತೋಟದ ಮನ್ವೇಲನ ಬಲೆಗೆ ಬೀಳುವಳು. ಎಳೆಯ ಮಗನು ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲ. ಕಟ್ಟಕಡೆಗೆ ಚೋಮನು ತಾನೂ ಮತವನ್ನು ಬಿಟ್ಟಾದರೂ ಭೂಮಿಯನ್ನು ಪಡೆಯುವೆನೆಂದು ಹೊರಡುವನು. ದಾರಿಯಲ್ಲಿ ಪಂಜುರ್ಲಿಯ ಗುಡಿಯು ಎದುರಾಗುವುದು. ಅವನು ಹಿಂದಿರುಗುವನು.

ಈ ಹಿಂದಿರುಗುವಿಕೆಯೇ ಕೃತಿಯ ಹೃದಯ. ಒಂದು ಕಡೆ ಡೊಮಿಂಗೊ ಎಂಬಂತಹ ಹೊಸ ಹೆಸರೂ ಅದರೊಡನೆ ದೊರೆಯಬಹುದಾದ ನೆಲವೂ. ಇನ್ನೊಂದು ಕಡೆ ಭೂತದ ರಾಜ್ಯ. ಎರಡು ಚಿತ್ರಗಳ ಶೀರ್ಷಿಕೆಗಳು ಪ್ರತ್ಯೇಕವಾಗಿ ಹೆಸರಿಸಿದ ಎರಡು ಶಕ್ತಿಗಳು ಇಲ್ಲಿ ಒಬ್ಬನೇ ಮುದುಕನ ಎದೆಯಲ್ಲಿ ಇದಿರುಬದಿರಾಗಿ ನಿಂತಿವೆ. ಇದನ್ನು ಪರದೆಯ ಮೇಲೆ ಹೇಗೆ ತೋರಿಸತಕ್ಕುದು? ನಡೆಯುವ ಮನುಷ್ಯನನ್ನು ತೋರಿಸಬಹುದು, ಗುಡಿಯನ್ನು ತೋರಿಸಬಹುದು, ಹಿಂದಿರುಗುವ ಮನುಷ್ಯನನ್ನು ತೋರಿಸಬಹುದು. ಪ್ರೇಕ್ಷಕನು ಅದರಿಂದ ಊಹಿಸುವುದು ಭಯವನ್ನು. ಆದರೆ ಚೋಮನಲ್ಲಿರುವುದು ಬರಿಯ ಭಯವಲ್ಲ. ತನ್ನನ್ನು ಮುಟ್ಟದ ಲೋಕದಲ್ಲಿ ತನ್ನದೆನ್ನಬಹುದಾದ ಒಂದೇ ಬಂಧುತ್ವವು ಆ ದೈವದೊಡನೆ ಇದ್ದುದು. ಅದನ್ನು ಮಾರಿ ನೆಲವನ್ನು ಕೊಳ್ಳಲಾರದ ಸಂಕಟವದು. ಇದು ವಿಭಾವಾನುಭಾವಗಳಿಂದ ಮಾತ್ರ ತಿಳಿಯತಕ್ಕುದಲ್ಲ. ಸಂಚಾರಿಭಾವಗಳ ಸೂಕ್ಷ್ಮವಾದ ಸಾಲು ಬೇಕು. ಶಂಕೆ, ಗ್ಲಾನಿ, ಸ್ಮೃತಿ, ವ್ರೀಡೆ, ನಿರ್ವೇದ ಇವು ಒಂದರ ಹಿಂದೊಂದು ಬಂದುಹೋಗುವುದನ್ನು ಹೇಳಲು ಗದ್ಯಕ್ಕೆ ಒಂದು ಪುಟ ಸಾಕು, ಮೂಕಚಿತ್ರಕ್ಕೆ ಹತ್ತು ಫಲಕಗಳೂ ಸಾಲವು. ಮತಾಂತರದ ಪಕ್ಷದವರೂ ವಿರೋಧದ ಪಕ್ಷದವರೂ ಈ ಪ್ರಸಂಗವನ್ನು ತಮ್ಮತಮ್ಮ ಕಡೆಗೆ ಎಳೆದಿರುವುದುಂಟು. ಕೃತಿಯು ಯಾರ ಕಡೆಗೂ ಇಲ್ಲ. ಹಿಂದಿರುಗಿದುದರಿಂದ ಚೋಮನಿಗೆ ಒಳಿತೇನೂ ಆಗಲಿಲ್ಲವೆಂಬುದನ್ನು ಎರಡು ಪಕ್ಷದವರೂ ಮರೆಯುವರು.

ಆಮೇಲೆ ದುಡಿ. ಮನೆಗೆ ಬಂದ ಚೋಮನು ಮಗಳನ್ನು ಮನ್ವೇಲನೊಡನೆ ಕಾಣುವನು. ಇನ್ನು ಹೇಳತಕ್ಕುದೇನೂ ಉಳಿದಿಲ್ಲ. ನೇಗಿಲು ಮುರಿಯಿತು, ಎತ್ತುಗಳು ಕಾಡಿಗೆ ಹೋದುವು. ಬಾಗಿಲನ್ನು ಮುಚ್ಚಿಕೊಂಡು ಅವನು ದುಡಿಯನ್ನು ಬಾರಿಸತೊಡಗುವನು. ಬಾರಿಸುತ್ತ ಬಾರಿಸುತ್ತ ಪ್ರಾಣವು ಹೋಗುವುದು. ದುಡಿಯೆಂಬುದು ಚಿಕ್ಕದೊಂದು ಚರ್ಮವಾದ್ಯ, ಅದಕ್ಕೆ ಶಾಸ್ತ್ರೀಯಸಂಗೀತದಲ್ಲಿ ಸ್ಥಾನವಿಲ್ಲ. ಅದನ್ನು ಬಾರಿಸುವವನಿಗೆ ಊರಿನಲ್ಲಿ ಸ್ಥಾನವಿಲ್ಲದ ಹಾಗೆಯೇ. ಕಾದಂಬರಿಯ ಮೊದಲಿನಿಂದಲೂ ಅದು ಕೇಳುತ್ತಲೇ ಇದೆ. ಚೋಮನ ಸಂತೋಷಕ್ಕೂ ಅದೇ, ಕುಡಿತಕ್ಕೂ ಅದೇ, ರೋಷಕ್ಕೂ ಅದೇ. ಒಂದೇ ಶಬ್ದವು ಬೇರೆಬೇರೆ ಸಂದರ್ಭಗಳಲ್ಲಿ ಬೇರೆಬೇರೆ ಅರ್ಥವನ್ನು ಹೊಮ್ಮಿಸುವುದು ವ್ಯಂಜನಾವ್ಯಾಪಾರದ ಮಾರ್ಗವೇ ಸರಿ; ಆನಂದವರ್ಧನನು ಧ್ವನಿಯೆಂಬ ಹೆಸರನ್ನು ವೈಯಾಕರಣರಿಂದ ತೆಗೆದುಕೊಂಡನು, ಅವರು ಅದನ್ನು ಕಿವಿಗೆ ಬೀಳುವ ವರ್ಣಗಳ ವಿಷಯದಲ್ಲಿ ಬಳಸುತ್ತಿದ್ದರು. ಇಲ್ಲಿ ಧ್ವನಿಯು ಆ ಎರಡು ಅರ್ಥಗಳಲ್ಲಿಯೂ ಧ್ವನಿಯಾಗಿದೆ. ಈ ಕಥೆಯನ್ನು ಮೂಕಚಿತ್ರದಲ್ಲಿ ಹೇಳಿದ್ದರೆ ಶೀರ್ಷಿಕೆಗೇ ಅರ್ಥವಿರುತ್ತಿರಲಿಲ್ಲ. ಚರ್ಮದ ಮೇಲೆ ಕೈ ಬೀಳುವುದು ಕಾಣುತ್ತಿದ್ದಿತು, ಅಷ್ಟೆ. ಅದಕ್ಕಿಂತಲೂ ದೊಡ್ಡ ನಷ್ಟ ಮತ್ತೊಂದು: ದುಡಿಯು ನಿಂತುದು ತಿಳಿಯುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ನಿಶ್ಶಬ್ದವಾಗಿರುವ ಕಲೆಗೆ ಮೌನವೆಂಬ ಅಲಂಕಾರವಿಲ್ಲ. ಎರಡು ಮೂಕಚಿತ್ರಗಳನ್ನು ಮಾಡಿ ಬಂದ ಕಲಾವಿದನು ತನ್ನ ಮುಂದಿನ ಕೃತಿಗೆ ವಾದ್ಯವೊಂದರ ಹೆಸರನ್ನಿಟ್ಟುದು ಯಾದೃಚ್ಛಿಕವೆಂದು ನಂಬುವುದು ಕಷ್ಟ.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಚೋಮನಂತಹವರ ಮನೆಮಾತು ತುಳು, ಕಾದಂಬರಿಯು ಕನ್ನಡದ್ದು. ಆದುದರಿಂದ ಅವನ ಬಾಯಲ್ಲಿ ಬರುವ ಪ್ರತಿಯೊಂದು ವಾಕ್ಯವೂ ಒಂದು ಬಗೆಯ ಅನುವಾದ, ಮೂಕಚಿತ್ರದ ಫಲಕದಂತೆಯೇ. ಅವನದೇ ಆದ ಧ್ವನಿಯೆಂದು ಓದುಗನಿಗೆ ನೇರವಾಗಿ ತಲಪುವುದು ದುಡಿಯದು ಮಾತ್ರ. ಅದಕ್ಕೆ ಭಾಷಾಂತರವು ಬೇಕಿಲ್ಲ.

ಈ ಪಕ್ಷಕ್ಕೆ ಬಲವಾದ ಆಕ್ಷೇಪವೊಂದುಂಟು. ಅದನ್ನು ಎತ್ತದೆ ಬಿಡುವುದು ನ್ಯಾಯವಲ್ಲ. ಮೂಕಚಿತ್ರದ ನಿಶ್ಶಬ್ದತೆಯು ಕಾರಂತರನ್ನು ನೋಯಿಸಿ ಕಾದಂಬರಿಗೆ ಕಳುಹಿತೆಂದಾದರೆ, ಅದೇ ಕಾರಂತರು ಮುಂದೆ ಯಕ್ಷಗಾನದಿಂದ ಮಾತನ್ನು ತೆಗೆದುಹಾಕಿದುದೇಕೆ? ಯಕ್ಷಗಾನದ ಸಂಶೋಧನೆಗಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದ ಅವರು, ಬಳಿಕ ನಡೆಸಿದ ಬ್ಯಾಲೆಯ ಪ್ರಯೋಗಗಳಲ್ಲಿ ಅರ್ಥಗಾರಿಕೆಯನ್ನು ಬಿಟ್ಟು ಕುಣಿತವನ್ನೂ ಹಾಡನ್ನೂ ಮಾತ್ರ ಉಳಿಸಿಕೊಂಡರು. ಸಂಪ್ರದಾಯಜ್ಞರು ಇದರಿಂದ ಕೋಪಗೊಂಡರು. ವಾಚಿಕವನ್ನು ಕಳೆದ ಯಕ್ಷಗಾನವು ಯಕ್ಷಗಾನವೇ ಅಲ್ಲವೆಂದರು. ವಾಚಿಕವನ್ನು ನಾಟ್ಯದ ಶರೀರವೆಂದ ಭರತನೂ ಅವರ ಪಕ್ಷವನ್ನೇ ಹಿಡಿಯುತ್ತಿದ್ದನು.

ಆಕ್ಷೇಪಕ್ಕೆ ಸಮಾಧಾನವು ಆ ಪ್ರಯೋಗದಲ್ಲಿಯೇ ಇದೆ. ತೆಗೆದುದು ಮಾತನ್ನು, ಭಾಗವತನ ಹಾಡು ಉಳಿಯಿತು, ಚೆಂಡೆ ಮದ್ದಳೆಗಳು ಉಳಿದುವು, ಪಿಟೀಲೂ ಸ್ಯಾಕ್ಸೊಫೋನೂ ಹೊಸದಾಗಿ ಸೇರಿದುವು. ಎಂದರೆ ನಾದವು ಕಡಮೆಯಾಗಲಿಲ್ಲ, ಹೆಚ್ಚಿತು. ಕಾರಂತರಿಗೆ ಮೂಕಚಿತ್ರದಲ್ಲಿ ಕೊರತೆಯೆನಿಸಿದುದು ವಾಕ್ಕೆಂದು ತಿಳಿದರೆ ಈ ಎರಡು ಕಾರ್ಯಗಳು ಪರಸ್ಪರವಿರುದ್ಧವಾಗುವುವು. ಕೊರತೆಯು ನಾದದ್ದೆಂದು ತಿಳಿದರೆ ಎರಡೂ ಒಂದೇ ದಾರಿಯವು. ಚೋಮನೂ ಕೊನೆಗೆ ಮಾತನಾಡುವುದಿಲ್ಲವಷ್ಟೆ. ಅವನ ಮರಣಕ್ಕೆ ಮುಂಚೆ ಒಂದು ದೀರ್ಘಭಾಷಣವನ್ನು ಅವನ ಬಾಯಲ್ಲಿಟ್ಟು ಜಮೀನುದಾರರನ್ನು ಧಿಕ್ಕರಿಸುವುದು ಸಾಧ್ಯವಿದ್ದಿತು; ಆ ಕಾಲದ ಸಾಮಾನ್ಯ ಕಾದಂಬರೀಕಾರನಾಗಿದ್ದರೆ ಹಾಗೆಯೇ ಮಾಡುತ್ತಿದ್ದನು. ‘ವಸಂತ’ದ ಕಾಲದ ಕಾರಂತರೂ ಬಹುಶಃ ಹಾಗೆಯೇ ಮಾಡುತ್ತಿದ್ದರು. ಪಾತ್ರದ ಬಾಯಿಯನ್ನು ಮುಚ್ಚಿಸಿ ಕೈಗೆ ವಾದ್ಯವನ್ನು ಕೊಡುವ ಸಂಯಮವು ಮಾತಿಲ್ಲದ ಕಲೆಯಲ್ಲಿ ಕೆಲಸ ಮಾಡಿದವನಿಗೇ ಹೊಳೆಯತಕ್ಕುದು.

ಈ ಸಂಯಮವು ಮುಂದೆ ಎಲ್ಲ ಕಡೆಯೂ ಉಳಿಯಿತೆಂದು ಹೇಳಿದರೆ ಅದು ಸ್ತುತಿಯಾದೀತು, ವಿಮರ್ಶೆಯಾಗದು. ಕಾರಂತರ ಹಲವು ಕಾದಂಬರಿಗಳಲ್ಲಿ ಪಾತ್ರಗಳು ನಡೆಯುತ್ತ ನಡೆಯುತ್ತ ನಿಂತು, ದೇವರು, ದಾಂಪತ್ಯ, ದೇಶಸೇವೆಗಳ ವಿಷಯದಲ್ಲಿ ತಮ್ಮ ತೀರ್ಮಾನಗಳನ್ನು ಪುಟಗಟ್ಟಲೆ ತಿಳಿಸುವರು. ಆಗ ಚಿತ್ರವು ನಿಂತು ಬರೆಹದ 
ಫಲಕವು ಮುಂದೆ ಬಂದಂತಾಗುವುದು. ಮೂಕಚಿತ್ರದಿಂದ ಅವರಿಗೆ ಅಂಟಿಬಂದ ದೋಷವೊಂದಿದ್ದರೆ ಇದೇ. ಆಕೃತಿಯು ಹೇಳಿಮುಗಿಸಿದುದನ್ನು ಅಕ್ಷರದಲ್ಲಿ ಮತ್ತೊಮ್ಮೆ ತೋರಿಸಬೇಕೆಂಬ ಆತುರವನ್ನು ಅವರು ಪೂರ್ತಿಯಾಗಿ ಬಿಡಲಿಲ್ಲ. ‘ಮರಳಿ ಮಣ್ಣಿಗೆ’ಯ ಪೂರ್ವಾರ್ಧದಲ್ಲಿ ಫಲಕಗಳು ಬಹು ವಿರಳ, ಕಡಲಿನ ಮೊರೆತವು ಮೂರು ತಲೆಮಾರಿನ ಸುಖದುಃಖಗಳಿಗೆ ಶ್ರುತಿಯನ್ನು ಹಿಡಿದಿದೆ. ಉತ್ತರಾರ್ಧದಲ್ಲಿ, ರಾಮನ ಕಾಲಕ್ಕೆ, ಅವು ಹೆಚ್ಚುವುವು. ‘ಬೆಟ್ಟದ ಜೀವ’ವು ಈ ದೋಷದಿಂದ ಬಹುಮಟ್ಟಿಗೆ ಮುಕ್ತವಾಗಿದೆ, ಅಲ್ಲಿ ಗೋಪಾಲಯ್ಯನ ಮಾತು ಹೇರಳವಾಗಿದ್ದರೂ ಅದು ಫಲಕವಲ್ಲ, ಅವನ ಉಸಿರು.

1968ರ ‘ಮೂಕಜ್ಜಿಯ ಕನಸುಗಳು’ ಈ ದೃಷ್ಟಿಯಿಂದ ಎಲ್ಲಕ್ಕಿಂತ ಕುತೂಹಲಕರವಾದುದು. 1977ರ ಜ್ಞಾನಪೀಠ ಪ್ರಶಸ್ತಿಯೊಡನೆ ಅದರ ಹೆಸರು ದೇಶವೆಲ್ಲ ಹಬ್ಬಿತು. ಅಜ್ಜಿಯ ನಿಜನಾಮವು ಮೂಕಾಂಬಿಕೆ. ಬಳಕೆಯಲ್ಲಿ ಅದು ಸವೆದು ಮೂಕಿಯಾಗಿದೆ. ಮೂಕಿಯೆಂಬುದು ಕನ್ನಡದಲ್ಲಿ ಮೂಕಚಿತ್ರಕ್ಕೂ ಬಳಕೆಯಾದ ಮಾತೆಂಬುದನ್ನು ಬಲ್ಲ ಓದುಗನಿಗೆ ಇಲ್ಲಿ ಶ್ಲೇಷವು ತೋರದಿರದು, ಕವಿಯು ಉದ್ದೇಶಿಸಿದನೋ ಇಲ್ಲವೋ. ಮೊಮ್ಮಗ ಸುಬ್ಬರಾಯನು ಹಳೆಯ ವಸ್ತುವೊಂದನ್ನು ಅಜ್ಜಿಯ ಕೈಯಲ್ಲಿಡುವನು; ಅವಳ ಕಣ್ಣಿನ ಮುಂದೆ ಅಳಿದುಹೋದ ಕಾಲದ ದೃಶ್ಯಗಳು ಸಾಗುವುವು. ಅವಳು ನೋಡುವುದು ಮೂಕವಾದ ಚಿತ್ರವನ್ನೇ. ಸತ್ತವರು ಅಲ್ಲಿ ಚಲಿಸುವರು. ಅವರ ಪರವಾಗಿ ಮಾತನಾಡತಕ್ಕವಳು ಅವಳು. ಪರದೆಯ ಹಿಂದಿನ ಸೂತ್ರಧಾರನ ಕೆಲಸವನ್ನು ಇಲ್ಲಿ ಪರದೆಯ ಮುಂದೆ ಕುಳಿತ ಮುದುಕಿಯು ವಹಿಸಿಕೊಂಡಿರುವಳು. ಗದ್ಯಕಥೆಗೆ ಕನ್ನಡದಲ್ಲಿ ಕಾದಂಬರಿಯೆಂಬ ಹೆಸರು ಬಾಣನ ಕೃತಿಯಿಂದ ಬಂದುದು. ಆ ಕೃತಿಯಲ್ಲಿಯೂ ಜನ್ಮಾಂತರದ ವೃತ್ತಾಂತವನ್ನು ಹೇಳಲು ಒಂದು ಗಿಳಿಗೆ ನಾಲಗೆ ಬರುವುದು. ಕಾಣುವವನೊಬ್ಬನು, ಹೇಳುವವನೊಬ್ಬನು ಎಂಬ ಭೇದವನ್ನು ಅಳಿಸುವುದು ಈ ಜಾತಿಯ ಕಾವ್ಯಕ್ಕೆ ಮೊದಲಿನಿಂದ ಬಂದ ಗುಣವೆನ್ನಬಹುದು. ಮೂಕಜ್ಜಿಯ ಮಾತು ಒಮ್ಮೊಮ್ಮೆ ಅಳತೆಯನ್ನು ಮೀರುವುದು ನಿಜ. ವೇದದಿಂದ ಅವತಾರಗಳವರೆಗೆ ಅವಳು ತೀರ್ಪು ಹೇಳುವಾಗ ಅಜ್ಜಿಯ ಹಿಂದೆ ನಿಂತ ಪಂಡಿತನ ಕೆಮ್ಮು ಕೇಳಿಸುವುದು. ಆದರೆ ಅವಳ ಬಾಲ್ಯಸಖಿಯ ವಿಷಯವನ್ನೂ ಊರಿನ ಹೆಂಗಸರ ಸಂಕಟವನ್ನೂ ನುಡಿಯುವಲ್ಲಿ ಆ ಕೆಮ್ಮು ಇಲ್ಲ.

ಮಾತು ಬಂದ ಚಿತ್ರದ ಕಡೆಗೆ ಕಾರಂತರು ಬೇಗನೆ ಮರಳಲಿಲ್ಲವೆಂಬುದೂ ಗಮನಾರ್ಹ. 1931ರ ಮಾರ್ಚ್ 14ರಂದು ‘ಆಲಂ ಆರಾ’ ತೆರೆಕಂಡಿತು. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡವನ್ನು ಪರದೆಯ ಮೇಲೆ ನುಡಿಸಿತು. ‘ಭೂತರಾಜ್ಯ’ವು ಹುಟ್ಟಿದ ವರ್ಷವೇ ಅದರ ಜಾತಿಗೆ ಮರಣಶಾಸನವು ಬರೆಯಲ್ಪಟ್ಟಿತು. ನಾದದ ಕೊರತೆಯೇ ಕಾರಣವಾಗಿದ್ದರೆ ವಾಕ್ಚಿತ್ರವು ಅದನ್ನು ತುಂಬುತ್ತಿದ್ದಿತಲ್ಲವೆ ಎಂದು ಕೇಳಬಹುದು. ಆ ಕಾಲದ ವಾಕ್ಚಿತ್ರಗಳು ತುಂಬಿದುದು ಕಂಪನಿ ನಾಟಕದ ಪದ್ಯಗಳನ್ನು, ದುಡಿಯನ್ನಲ್ಲ. ಕಾರಂತರು ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ತಾವೇ ನಿರ್ದೇಶಿಸಿದುದು 1970ರ ದಶಕದ ಕೊನೆಯ ಭಾಗದಲ್ಲಿ, ಎಪ್ಪತ್ತೈದರ ಅಂಚಿನ ವಯಸ್ಸಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು, 1975ರಲ್ಲಿ, ಬಿ. ವಿ. ಕಾರಂತರು ‘ಚೋಮನ ದುಡಿ’ಯನ್ನು ಚಿತ್ರವಾಗಿ ತೆಗೆದರು, ಅದಕ್ಕೆ ರಾಷ್ಟ್ರದ ಸ್ವರ್ಣಕಮಲವೂ, ಚೋಮನಾದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠನಟನ ಪ್ರಶಸ್ತಿಯೂ ದೊರೆತುವು. ರಂಗಸಂಗೀತದಲ್ಲಿ ನುರಿತ ಆ ನಿರ್ದೇಶಕರು ದುಡಿಯನ್ನು ಹಿನ್ನೆಲೆಯ ವಾದ್ಯವಾಗಿಸದೆ ಪಾತ್ರವಾಗಿಯೇ ಇಟ್ಟರು. ಕಾದಂಬರಿಯಾಗಿ 42 ವರ್ಷಗಳಾದ ಮೇಲೆ ಆ ಸದ್ದು ಪರದೆಯಿಂದ ಕೇಳಿಸಿತು. ಕೊನೆಗೆ ಅದು ನಿಂತಿತು, ನಿಂತುದೂ ಕೇಳಿಸಿತು.